ಬೆಳಗ್ಗೆ ಏರಬೇಕು, ರಾತ್ರಿ ಇಳಿಯಬೇಕು: ಕಾರ್ಟಿಸಾಲ್ ಎಂಬ ಹಾರ್ಮೋನಿನ ದಿನಚರಿ

ಕೋಲಾರದ ಎಪಿಎಂಸಿ ಪ್ರಾಂಗಣದಲ್ಲಿ ಟೊಮೆಟೊ ಹರಾಜು ನಡೆಯುವ ಹೊತ್ತಿಗೆ ಒಮ್ಮೆ ನನ್ನ ತಮ್ಮನ ಜೊತೆ ಹೋಗಿ ನಿಂತಿದ್ದೆ. ಮಂಡಿಯ ಮುಂದೆ ನಮ್ಮ ತೋಟದ ಬಾಕ್ಸುಗಳನ್ನು ಸಾಲಾಗಿ ಜೋಡಿಸಿದ್ದರು. ಹರಾಜು ಕೂಗುವವರು ಮೂರು ಸಾಲು ಆಚೆ ಇರುವವರೆಗೂ ತಮ್ಮ ನನ್ನೊಂದಿಗೆ ಮಾತನಾಡುತ್ತಲೇ ಇದ್ದ. ಅವರು ನಮ್ಮ ಸಾಲಿನತ್ತ ತಿರುಗಿದೊಡನೆ ಅವನ ಮಾತು ನಿಂತಿತು. ಕೈಯಲ್ಲಿದ್ದ ಟೀ ಲೋಟ ಸಣ್ಣಗೆ ಅಲುಗುತ್ತಿತ್ತು, ಚಳಿಯಲ್ಲೂ ಮೇಲ್ದುಟಿಯ ಮೇಲೆ ಬೆವರಿನ ಹನಿಗಳಿದ್ದವು, ಒಣಗಿದ ತುಟಿಯನ್ನು ಅವನು ಮತ್ತೆ ಮತ್ತೆ ಸವರಿಕೊಳ್ಳುತ್ತಿದ್ದ. ಬೆಲೆ ಕೂಗಿ ಮುಗಿಸಿ ಅವರು ಮುಂದಿನ ಸಾಲಿಗೆ ಹೋಗಲು ಒಂದು ನಿಮಿಷವೂ ಹಿಡಿಯಲಿಲ್ಲ. ಆದರೆ ಅದಾಗಿ ಒಂದು ಗಂಟೆಯಾದರೂ ತಮ್ಮನಿಗೆ ಒಂದು ಕಡೆ ಕೂರಲಾಗಲಿಲ್ಲ, ತಂದುಕೊಟ್ಟ ತಿಂಡಿಯೂ ಸೇರಲಿಲ್ಲ. ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಪಾಠ ಮಾಡುವ ನಾನು ವರ್ಷವರ್ಷವೂ ಹಲಗೆಯ ಮೇಲೆ ಬರೆಯುವ ಎರಡು ಹಾರ್ಮೋನುಗಳು ಒಂದರ ಬೆನ್ನಿಗೆ ಒಂದು ಕೆಲಸ ಮಾಡುವುದನ್ನು ಆ ದಿನ ಒಡಹುಟ್ಟಿದವನ ಮೈಯಲ್ಲೇ ಕಂಡೆ.

ಮೊದಲನೆಯದು ಅಡ್ರಿನಲಿನ್. ಎರಡು ಮೂತ್ರಪಿಂಡಗಳ ಮೇಲೂ ಟೋಪಿಯಿಟ್ಟಂತೆ ಒಂದೊಂದು ಪುಟ್ಟ ಗ್ರಂಥಿ ಕುಳಿತಿರುತ್ತದೆ. ಅಡ್ರಿನಲ್ ಗ್ರಂಥಿಯೆಂದು ಕರೆಯುವ ಇದರ ತೂಕ ನಾಲ್ಕೈದು ಗ್ರಾಂ, ಅಂದರೆ ಒಂದು ಟೀ ಚಮಚ ಸಕ್ಕರೆಯಷ್ಟು. ಇದರ ಒಳತಿರುಳಿಗೆ ಮಿದುಳಿನಿಂದ ನರದ ಮೂಲಕ ನೇರ ಆಜ್ಞೆ ಬರುವುದರಿಂದ ಅಡ್ರಿನಲಿನ್ ಕೆಲವೇ ಸೆಕೆಂಡುಗಳಲ್ಲಿ ರಕ್ತಕ್ಕೆ ಸೇರುತ್ತದೆ. ಎದೆಬಡಿತ ಏರುತ್ತದೆ, ಉಸಿರು ಚುರುಕಾಗುತ್ತದೆ, ಹೊಟ್ಟೆಯ ಕಡೆಗೆ ಹರಿಯುವ ರಕ್ತ ಕಡಿಮೆಯಾಗಿ ಕೈಕಾಲಿನ ಸ್ನಾಯುಗಳ ಕಡೆಗೆ ಹೆಚ್ಚುತ್ತದೆ. ಅಮೆರಿಕದ ಶರೀರಶಾಸ್ತ್ರಜ್ಞ ವಾಲ್ಟರ್ ಕ್ಯಾನನ್ 1915ರ ಸುಮಾರಿನಲ್ಲಿ ಇದನ್ನು ಹೋರಾಡಲು ಇಲ್ಲವೇ ಓಡಿಹೋಗಲು ದೇಹ ನಡೆಸುವ ಸಿದ್ಧತೆ ಎಂದು ವಿವರಿಸಿದರು. ಅಡ್ರಿನಲಿನ್ ಬಂದಷ್ಟೇ ಬೇಗ ಹೋಗುತ್ತದೆ. ರಕ್ತಕ್ಕೆ ಸೇರಿದ್ದರಲ್ಲಿ ಅರ್ಧ ಭಾಗ ಎರಡು ಮೂರು ನಿಮಿಷಗಳಲ್ಲಿ ಕರಗಿಹೋಗುತ್ತದೆ.

ಎರಡನೆಯದು ಕಾರ್ಟಿಸಾಲ್. ಇದು ಅದೇ ಗ್ರಂಥಿಯ ಹೊರಪದರದಲ್ಲಿ ತಯಾರಾಗುತ್ತದೆ, ಆದರೆ ಆಜ್ಞೆ ಬರುವ ದಾರಿ ಉದ್ದವಾದದ್ದು. ಮಿದುಳಿನ ತಳದಲ್ಲಿರುವ ಹೈಪೋಥಲಾಮಸ್ ಒಂದು ರಾಸಾಯನಿಕ ಸಂದೇಶವನ್ನು ಪಿಟ್ಯುಟರಿ ಗ್ರಂಥಿಗೆ ಕಳಿಸುತ್ತದೆ, ಪಿಟ್ಯುಟರಿಯು ಎಸಿಟಿಎಚ್ ಎಂಬ ಇನ್ನೊಂದು ಸಂದೇಶವನ್ನು ರಕ್ತಕ್ಕೆ ಬಿಡುತ್ತದೆ, ಅದು ಹರಿದು ಬಂದು ಅಡ್ರಿನಲ್ ಗ್ರಂಥಿಯನ್ನು ಮುಟ್ಟಿದ ಮೇಲೆ ಕಾರ್ಟಿಸಾಲ್ ಹೊರಬರುತ್ತದೆ. ಹೀಗಾಗಿ ಆತಂಕದ ಗಳಿಗೆ ಕಳೆದು ಇಪ್ಪತ್ತು ಮೂವತ್ತು ನಿಮಿಷಗಳಾದ ಮೇಲೆ ಅದರ ಮಟ್ಟ ತುದಿ ಮುಟ್ಟುತ್ತದೆ, ಇಳಿಯಲು ಒಂದು ಗಂಟೆಗೂ ಹೆಚ್ಚು ಹೊತ್ತು ಬೇಕು. ಹರಾಜು ಮುಗಿದ ಮೇಲೂ ತಮ್ಮನಿಗೆ ಕೂರಲಾಗದೆ ಹೋದದ್ದಕ್ಕೆ ಇದೂ ಒಂದು ಕಾರಣ. ಕೆಲಸವಾದ ಮೇಲೆ ಕಾರ್ಟಿಸಾಲ್ ತಾನೇ ಮಿದುಳಿಗೆ ಹಿಂದಿರುಗಿ, ಇನ್ನು ಸಾಕು ಎಂದು ಹೈಪೋಥಲಾಮಸ್ಸನ್ನೂ ಪಿಟ್ಯುಟರಿಯನ್ನೂ ಸುಮ್ಮನಾಗಿಸುತ್ತದೆ. ಮನೆಯ ಮೇಲಿನ ತೊಟ್ಟಿಯಲ್ಲಿ ನೀರು ತುಂಬಿದಾಗ ತೇಲುವ ಗುಂಡು ಮೇಲೆದ್ದು ನಲ್ಲಿಯನ್ನು ಮುಚ್ಚುವ ಹಾಗೆಯೇ ಈ ಏರ್ಪಾಡು.

ಈ ಹಾರ್ಮೋನನ್ನು ಕುರಿತು ಈಗ ಎಲ್ಲೆಡೆ ಕೇಳಿಬರುವ ಮಾತು ಒಂದೇ: ಅದನ್ನು ಇಳಿಸಿ. ನನ್ನ ವಿದ್ಯಾರ್ಥಿಗಳೂ ಮೊಬೈಲಿನಲ್ಲಿ ನೋಡಿದ್ದನ್ನು ತಂದು ಇದನ್ನೇ ಕೇಳುತ್ತಾರೆ. ಇಳಿಸಬೇಕು ಎನ್ನುವುದು ಅರ್ಧ ಸತ್ಯ, ಮತ್ತು ಈ ಅರ್ಧ ಸತ್ಯದಿಂದ ಜನ ಬೇಡದ ಪುಡಿಗಳನ್ನು ಕೊಳ್ಳುತ್ತಿದ್ದಾರೆ, ಬೇಕಾದ ನಿದ್ದೆಯನ್ನು ಮಾತ್ರ ಮರೆಯುತ್ತಿದ್ದಾರೆ. ಕಾರ್ಟಿಸಾಲ್ ಇಲ್ಲದೆ ಮನುಷ್ಯ ಬದುಕಲಾರ. ಊಟದ ನಡುವಿನ ಬಿಡುವಿನಲ್ಲಿ ರಕ್ತದ ಸಕ್ಕರೆ ಕುಸಿಯದಂತೆ ಯಕೃತ್ತಿನಿಂದ ಸಕ್ಕರೆ ಮಾಡಿಸುವುದು, ರಕ್ತದೊತ್ತಡ ಬೀಳದಂತೆ ಹಿಡಿಯುವುದು, ಉರಿಯೂತ ಮಿತಿಮೀರದಂತೆ ತಡೆಯುವುದು, ಹಾಸಿಗೆಯಿಂದ ಏಳುವ ಕಸುವು ಕೊಡುವುದು, ಇವೆಲ್ಲ ಅದರ ಕೆಲಸ. ಅಡ್ರಿನಲ್ ಗ್ರಂಥಿ ಕೆಟ್ಟು ಕಾರ್ಟಿಸಾಲ್ ತಯಾರಾಗದೆ ಹೋಗುವ ಕಾಯಿಲೆಯನ್ನು ಇಂಗ್ಲೆಂಡಿನ ವೈದ್ಯ ಥಾಮಸ್ ಅಡಿಸನ್ 1855ರಲ್ಲಿಯೇ ವಿವರಿಸಿದ್ದರು; ಚಿಕಿತ್ಸೆಯಿಲ್ಲದಿದ್ದರೆ ಅದು ಪ್ರಾಣಕ್ಕೇ ಬರುತ್ತದೆ.

ಅಂದಮೇಲೆ ಕೇಳಬೇಕಾದ ಪ್ರಶ್ನೆ ಎಷ್ಟು ಎಂಬುದಕ್ಕಿಂತ ಹೆಚ್ಚಾಗಿ ಯಾವಾಗ ಎಂಬುದು.

ದಿನದ ಏರಿಳಿತ

ಆರೋಗ್ಯವಂತರಲ್ಲಿ ಕಾರ್ಟಿಸಾಲ್ ನಡುರಾತ್ರಿಯ ಸುಮಾರಿಗೆ ತೀರಾ ಕೆಳಗಿರುತ್ತದೆ. ನಸುಕಿನ ಎರಡು ಮೂರು ಗಂಟೆಯಿಂದ ಮೆಲ್ಲಗೆ ಏರತೊಡಗುತ್ತದೆ. ಎಚ್ಚರವಾದ ಮೇಲಿನ ಮೂವತ್ತು ನಲವತ್ತೈದು ನಿಮಿಷಗಳಲ್ಲಿ ಮತ್ತೊಂದು ಜಿಗಿತ ಜಿಗಿದು, ಎದ್ದಾಗ ಇದ್ದದ್ದಕ್ಕಿಂತ ಸುಮಾರು ಅರ್ಧದಷ್ಟು ಹೆಚ್ಚಾಗುತ್ತದೆ. ಅಲ್ಲಿಂದ ಮುಂದೆ ದಿನವಿಡೀ ಇಳಿಜಾರು. ಬೆಳಗ್ಗೆ ಎಂಟರ ಹೊತ್ತಿಗೆ ತೆಗೆದ ರಕ್ತದಲ್ಲಿ ಒಂದು ಡೆಸಿಲೀಟರಿಗೆ ಹೆಚ್ಚುಕಡಿಮೆ 5ರಿಂದ 25 ಮೈಕ್ರೋಗ್ರಾಂ ಇರುವುದು ಸಹಜ. ಸಂಜೆಗೆ ಅದು ಅರ್ಧಕ್ಕೋ ಅದಕ್ಕಿಂತ ಕೆಳಕ್ಕೋ ಬಂದಿರುತ್ತದೆ.

ಈ ವೇಳಾಪಟ್ಟಿಯನ್ನು ನಡೆಸುವ ಗಡಿಯಾರ ಹೈಪೋಥಲಾಮಸ್ಸಿನಲ್ಲೇ ಇದೆ. ಎರಡೂ ಕಣ್ಣುಗಳಿಂದ ಬರುವ ನರಗಳು ಪರಸ್ಪರ ದಾಟುವ ಜಾಗದ ಸ್ವಲ್ಪ ಮೇಲೆ, ಸುಮಾರು 20,000 ನರಕೋಶಗಳ ಒಂದು ಗೊಂಚಲು ಬೆಳಕನ್ನು ನೋಡಿ ಹೊತ್ತು ತಿಳಿಯುತ್ತದೆ. ಜೀವಕೋಶಗಳ ಒಳಗೇ ಇರುವ ಇಂಥ ಗಡಿಯಾರದ ಕೀಲುಗಳನ್ನು ಬಿಡಿಸಿ ತೋರಿಸಿದ ಮೂವರು ವಿಜ್ಞಾನಿಗಳಿಗೆ 2017ರಲ್ಲಿ ವೈದ್ಯಕೀಯ ನೊಬೆಲ್ ದೊರೆಯಿತು. ರಾತ್ರಿ ಕಾರ್ಟಿಸಾಲ್ ಇಳಿದರೆ ಮಾತ್ರ ನಿದ್ದೆ ಆಳವಾಗುತ್ತದೆ; ಅದೇ ಹೊತ್ತಿನಲ್ಲಿ ದೇಹ ದುರಸ್ತಿ ಮಾಡಿಕೊಳ್ಳುತ್ತದೆ.

ಹರಾಜಿನ ಗಳಿಗೆಯಂಥ ಒಂದೆರಡು ಏರಿಕೆಗಳಿಂದ ಈ ದಿನಚರಿ ಕೆಡುವುದಿಲ್ಲ. ಕೆಡುವುದು ಬೆಳಗಿನ ಏರು ಮೊಂಡಾಗಿ, ರಾತ್ರಿಯ ಇಳಿತ ಇಳಿಯದೆ, ಎರಡೂ ಹೊತ್ತು ಒಂದೇ ಸಮನಾಗತೊಡಗಿದಾಗ. ಅಂಥವರು ಬೆಳಗ್ಗೆ ಏಳುವಾಗಲೇ ಸುಸ್ತು ಎನ್ನುತ್ತಾರೆ, ರಾತ್ರಿ ಮಲಗಿದರೆ ಕಣ್ಣು ಹತ್ತುವುದಿಲ್ಲ ಎನ್ನುತ್ತಾರೆ. ಸಂಜೆಯಲ್ಲೂ ಕಾರ್ಟಿಸಾಲ್ ಹೆಚ್ಚಾಗಿಯೇ ಉಳಿದರೆ ಯಕೃತ್ತು ಬೇಡದ ಹೊತ್ತಿನಲ್ಲಿ ಸಕ್ಕರೆ ಮಾಡುತ್ತದೆ, ಇನ್ಸುಲಿನ್ ಮಾತು ಕೋಶಗಳಿಗೆ ಕೇಳಿಸದಾಗುತ್ತದೆ, ಹೊಟ್ಟೆಯ ಸುತ್ತ ಕೊಬ್ಬು ಕೂಡುತ್ತದೆ, ರಕ್ತದೊತ್ತಡ ಏರಿದಲ್ಲೇ ನಿಲ್ಲುತ್ತದೆ. ಒತ್ತಡ ಎಂಬ ಪದವನ್ನು ದೇಹಕ್ಕೆ ಅನ್ವಯಿಸಿ ಪ್ರಸಿದ್ಧಗೊಳಿಸಿದ ಹಾನ್ಸ್ ಸೆಲ್ಯೆ 1936ರಲ್ಲಿಯೇ ಇಲಿಗಳಲ್ಲಿ ತೀವ್ರ ಒತ್ತಡದಿಂದ ಅಡ್ರಿನಲ್ ಗ್ರಂಥಿ ಊದಿಕೊಳ್ಳುವುದನ್ನೂ ಜಠರದಲ್ಲಿ ಹುಣ್ಣಾಗುವುದನ್ನೂ ತೋರಿಸಿದ್ದರು. ಬ್ರೂಸ್ ಮೆಕ್‌ಯೂನ್ ಎಂಬ ವಿಜ್ಞಾನಿ 1993ರಲ್ಲಿ ಈ ಸವೆತಕ್ಕೇ ಒಂದು ಹೆಸರಿಟ್ಟು, ದೇಹ ಹೊಂದಿಕೊಳ್ಳುತ್ತಾ ಹೊಂದಿಕೊಳ್ಳುತ್ತಾ ತೆರುವ ಬೆಲೆ ಕೂಡುತ್ತಾ ಹೋಗುತ್ತದೆ ಎಂದು ವಿವರಿಸಿದರು. ನಮ್ಮ ಕಡೆಯವರಿಗೆ ಇದು ಸಾಲದ ಬಡ್ಡಿಯಂತೆ ಎಂದರೆ ಬೇಗ ಅರ್ಥವಾಗುತ್ತದೆ.

ನಿದ್ದೆ, ಮತ್ತು ನಡುರಾತ್ರಿಯ ತ್ರೀ ಫೇಸ್ ಕರೆಂಟು

ಜೀವನಕ್ರಮದ ಅಭ್ಯಾಸಗಳಲ್ಲಿ ನಾನು ಮೊದಲ ಸ್ಥಾನ ಕೊಡುವುದು ನಿದ್ದೆಗೆ, ಮತ್ತು ಉಳಿದವುಗಳನ್ನೆಲ್ಲ ಅದರ ಹಿಂದೆ ಸಾಕಷ್ಟು ದೂರದಲ್ಲಿ ನಿಲ್ಲಿಸುತ್ತೇನೆ. ಷಿಕಾಗೋ ವಿಶ್ವವಿದ್ಯಾಲಯದ ಸಂಶೋಧಕರು 1999ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ ಆರೋಗ್ಯವಂತರಾದ 11 ಮಂದಿ ಯುವಕರಿಗೆ ಸತತ ಆರು ರಾತ್ರಿ ನಾಲ್ಕೇ ಗಂಟೆ ಮಲಗಲು ಬಿಟ್ಟರು. ವಾರ ತುಂಬುವುದರೊಳಗೆ ಅವರ ಸಂಜೆಯ ಕಾರ್ಟಿಸಾಲ್ ಏರಿತ್ತು, ಸಕ್ಕರೆಯನ್ನು ಅರಗಿಸಿಕೊಳ್ಳುವ ಶಕ್ತಿ ಕುಗ್ಗಿತ್ತು. ಅವರಿಗೆ ಸಾಲವೂ ಇರಲಿಲ್ಲ, ಬೆಲೆ ಕುಸಿತದ ಚಿಂತೆಯೂ ಇರಲಿಲ್ಲ; ನಿದ್ದೆಗೆಟ್ಟದ್ದೊಂದೇ ಸಾಕಾಗಿತ್ತು.

ನಮ್ಮ ಜಿಲ್ಲೆಯಲ್ಲಿ ನಿದ್ದೆಗೆಡುವುದು ಬರಿಯ ಮೊಬೈಲಿನಿಂದಲ್ಲ. ಸಾವಿರ ಅಡಿಗೂ ಆಳಕ್ಕೆ ಇಳಿದ ಬೋರ್‌ವೆಲ್‌ಗಳ ಮೋಟರ್ ಓಡಬೇಕಾದರೆ ತ್ರೀ ಫೇಸ್ ಕರೆಂಟು ಬೇಕು, ಅದು ಪಾಳಿಯ ಮೇಲೆ ಬರುತ್ತದೆ. ರಾತ್ರಿ ಪಾಳಿ ಬಂದ ದಿನಗಳಲ್ಲಿ ತಮ್ಮ ಎರಡು ಗಂಟೆಗೆ ಅಲಾರಂ ಇಟ್ಟುಕೊಂಡು, ತಲೆಗೆ ಟವೆಲ್ ಸುತ್ತಿ, ಟಾರ್ಚು ಹಿಡಿದು ತೋಟಕ್ಕೆ ಹೋಗುತ್ತಿದ್ದ. ಮೋಟರ್ ತಾನಾಗಿ ಚಾಲೂ ಆಗಲು ಆಟೋ ಸ್ಟಾರ್ಟರ್ ಹಾಕಿಸಿದ್ದರೂ ಡ್ರಿಪ್ಪಿನ ಗೇಟ್‌ವಾಲ್ ತಿರುಗಿಸಿ ಒಂದು ಭಾಗದಿಂದ ಇನ್ನೊಂದಕ್ಕೆ ನೀರು ಬಿಡಲು ಆಳು ಬೇಕೇ ಬೇಕು. ಹಾವಿನ ಭಯ, ಕರೆಂಟು ಹೋದೀತೆಂಬ ಭಯ, ಬೋರಿನಲ್ಲಿ ನೀರು ನಿಂತೀತೆಂಬ ಭಯ. ಹೀಗೆ ದೇಹದ ಗಡಿಯಾರ ಕಾರ್ಟಿಸಾಲನ್ನು ತಳದಲ್ಲಿಡಬೇಕಾದ ಗಳಿಗೆಯಲ್ಲೇ ಮಿದುಳು ಅದನ್ನು ಮೇಲಕ್ಕೆ ಎಳೆಯುತ್ತದೆ. ಮನೆಗೆ ಬಂದು ಮಲಗಿದರೆ ಕಣ್ಣು ಮುಚ್ಚುವುದಿಲ್ಲ ಎಂದು ಅವನು ಹೇಳುತ್ತಿದ್ದದ್ದು ಸೋಮಾರಿತನದ ಮಾತಾಗಿರಲಿಲ್ಲ. ನರಸಾಪುರ, ವೇಮಗಲ್, ಮಾಲೂರಿನ ಕಾರ್ಖಾನೆಗಳಲ್ಲಿ ರಾತ್ರಿ ಪಾಳಿ ಮಾಡುವ ಹುಡುಗ ಹುಡುಗಿಯರದೂ ಇದೇ ಕಥೆ.

ಇಂಥವರಿಗೆ ರಾತ್ರಿ ಹತ್ತಕ್ಕೆ ಮಲಗಿ ಆರಕ್ಕೆ ಏಳಿ ಎಂದು ಉಪದೇಶ ಮಾಡಿದರೆ ಅದು ಅವರ ಬದುಕನ್ನು ನೋಡದೆ ಆಡಿದ ಮಾತಾಗುತ್ತದೆ. ಮಾಡಬಹುದಾದದ್ದು ಬೇರೆ ಇದೆ. ಪಕ್ಕದ ತೋಟದವರೊಂದಿಗೆ ಮಾತಾಡಿಕೊಂಡು ದಿನ ಬಿಟ್ಟು ದಿನ ಒಬ್ಬರೇ ಎದ್ದು ಎರಡೂ ತೋಟ ನೋಡಿಕೊಳ್ಳಬಹುದು. ರಾತ್ರಿ ಏಳಲೇಬೇಕಾದ ದಿನ ಸಂಜೆ ಬೇಗ ಊಟ ಮುಗಿಸಿ ಎಂಟೂವರೆಗೇ ಮಲಗಿ ಒಂದೇ ಓಟದಲ್ಲಿ ಐದು ಗಂಟೆ ನಿದ್ದೆ ಗಿಟ್ಟಿಸಿಕೊಳ್ಳಬಹುದು, ಉಳಿದದ್ದನ್ನು ಮಧ್ಯಾಹ್ನ ಕತ್ತಲೆ ಕೋಣೆಯಲ್ಲಿ ತುಂಬಿಸಿಕೊಳ್ಳಬಹುದು. ಪಾಳಿ ಮುಗಿಸಿ ಬೆಳಗ್ಗೆ ಬಸ್ಸಿನಲ್ಲಿ ಬರುವವರು ಕಪ್ಪು ಕನ್ನಡಕ ಹಾಕಿಕೊಂಡರೆ ಬಿಸಿಲು ಕಣ್ಣಿಗೆ ಬಿದ್ದು ಗಡಿಯಾರ ಎಚ್ಚರಗೊಳ್ಳುವುದು ತಪ್ಪುತ್ತದೆ. ಕಿಟಕಿಗೆ ದಪ್ಪ ಬಟ್ಟೆ ಇಳಿಬಿಟ್ಟು ಮಲಗಿದರೆ ನಿದ್ದೆ ನಿಲ್ಲುತ್ತದೆ. ವಾರದ ರಜೆಯಲ್ಲಿಯೂ ಏಳುವ ಹೊತ್ತು ಒಂದು ಗಂಟೆಗಿಂತ ಹೆಚ್ಚು ಆಚೀಚೆ ಆಗದಿದ್ದರೆ ಹಗಲು ಕೆಲಸದವರ ಗಡಿಯಾರಕ್ಕೆ ದೊಡ್ಡ ಉಪಕಾರ.

ಬೆಳಕಿನ ವಿಷಯವೂ ಇದಕ್ಕೇ ಸೇರಿದ್ದು. ಟ್ಯೂಬ್‌ಲೈಟ್ ಉರಿಯುವ ಕೋಣೆಯಲ್ಲಿ ಬೆಳಕಿನ ಪ್ರಮಾಣ ಕೆಲವು ನೂರು ಲಕ್ಸ್ ಮಾತ್ರ. ಮೋಡ ಕವಿದ ಬೆಳಗಿನಲ್ಲಿಯೂ ಅಂಗಳದಲ್ಲಿ ಅದು ಸಾವಿರಗಳಲ್ಲಿರುತ್ತದೆ. ಎದ್ದ ಮೇಲೆ ಹತ್ತಿಪ್ಪತ್ತು ನಿಮಿಷ ಹೊರಗಿನ ಬೆಳಕಿನಲ್ಲಿ ಇರುವುದು, ರಾತ್ರಿ ಮಲಗುವ ಮುನ್ನ ಒಂದು ಗಂಟೆ ದೀಪವನ್ನೂ ಪರದೆಯನ್ನೂ ತಗ್ಗಿಸುವುದು, ಇವೆರಡರಿಂದ ಗಡಿಯಾರಕ್ಕೆ ಹಗಲು ಯಾವುದು ಇರುಳು ಯಾವುದು ಎಂಬುದು ಸ್ಪಷ್ಟವಾಗುತ್ತದೆ. ನಸುಕಿನಲ್ಲಿ ಹಾಲು ಕರೆದು ಕ್ಯಾನು ಹಿಡಿದು ಡೇರಿಗೆ ನಡೆದುಹೋಗುವ ಹೆಂಗಸರಿಗೆ ಇದು ಕೇಳದೆಯೇ ದೊರೆಯುತ್ತದೆ. ಕೆಜಿಎಫ್‌ನ ಚಿನ್ನದ ಗಣಿಗಳು 2001ರ ಫೆಬ್ರವರಿಯಲ್ಲಿ ಮುಚ್ಚಿದ ಮೇಲೆ ಮಾರಿಕುಪ್ಪಂನಿಂದಲೂ ಬಂಗಾರಪೇಟೆಯಿಂದಲೂ ದಿನಾ ರೈಲು ಹಿಡಿದು ಬೆಂಗಳೂರಿಗೆ ದುಡಿಯಲು ಹೋಗುವ ಸಾವಿರಾರು ಜನರಿಗೆ ಅದು ದೊರೆಯುವುದು ಕಷ್ಟ. ಕತ್ತಲಲ್ಲಿ ಮನೆ ಬಿಟ್ಟು ಕತ್ತಲಲ್ಲಿ ಮನೆ ಸೇರುವ ಅವರು ಬೆಳಗಿನ ರೈಲಿನಲ್ಲಿ ಕಿಟಕಿಯ ಬದಿ ಹಿಡಿಯುವುದು, ಮಧ್ಯಾಹ್ನದ ಊಟದ ಬಿಡುವಿನಲ್ಲಿ ಕಟ್ಟಡದಿಂದ ಹೊರಗೆ ಬರುವುದು ಸಣ್ಣ ಉಪಾಯಗಳಾದರೂ ಮಾಡತಕ್ಕವು.

ಕಾಫಿ, ಊಟ, ನಡಿಗೆ

ಕಾಫಿ ಟೀಗಳಲ್ಲಿರುವ ಕೆಫೀನು ಕಾರ್ಟಿಸಾಲನ್ನು ಏರಿಸುವುದು ನಿಜ, ದಿನವೂ ಕುಡಿಯುವವರಲ್ಲಿ ಆ ಏರಿಕೆ ತಗ್ಗುವುದೂ ನಿಜ. ಎದ್ದು ಒಂದೂವರೆ ಗಂಟೆ ಕಾಫಿ ಮುಟ್ಟಬಾರದು ಎಂದು ಈಗ ಹಬ್ಬಿರುವ ನಿಯಮಕ್ಕೆ ಗಟ್ಟಿ ಆಧಾರವಿಲ್ಲ, ಆದ್ದರಿಂದ ಬೆಳಗಿನ ಲೋಟವನ್ನು ನೆಮ್ಮದಿಯಾಗಿ ಕುಡಿಯಬಹುದು. ಲೆಕ್ಕ ಹಾಕಬೇಕಾದದ್ದು ಸಂಜೆಯ ಲೋಟವನ್ನು. ಕುಡಿದ ಕೆಫೀನಿನಲ್ಲಿ ಅರ್ಧ ಭಾಗ ದೇಹದಿಂದ ಹೋಗಲು ಸರಾಸರಿ ಐದು ಗಂಟೆ ಬೇಕು. ಸಂಜೆ ಐದಕ್ಕೆ ಕುಡಿದದ್ದರಲ್ಲಿ ಅರ್ಧ ರಾತ್ರಿ ಹತ್ತಕ್ಕೂ ರಕ್ತದಲ್ಲಿ ಓಡಾಡುತ್ತಿರುತ್ತದೆ. ಮಧ್ಯಾಹ್ನ ಎರಡರ ಮೇಲೆ ನಿಲ್ಲಿಸಿದರೆ ಸಾಕು.

ಬೀಡಿ ಸಿಗರೇಟಿನ ನಿಕೋಟಿನ್ ಎರಡೂ ಹಾರ್ಮೋನುಗಳನ್ನು ಏರಿಸುತ್ತದೆ. ಸೇದಿದಾಗ ಸಿಗುವ ಸಮಾಧಾನ ಅದೇ ನಿಕೋಟಿನ್ ಇಲ್ಲದಾಗ ಹುಟ್ಟಿದ ಚಡಪಡಿಕೆ ಅಡಗಿದ್ದರ ಸಮಾಧಾನ. ಮದ್ಯ ನಿದ್ದೆ ಬರಿಸುತ್ತದೆ, ಆದರೆ ರಾತ್ರಿಯ ಎರಡನೆಯ ಅರ್ಧದ ನಿದ್ದೆಯನ್ನು ಒಡೆಯುತ್ತದೆ.

ಊಟದ ವಿಷಯದಲ್ಲಿ ನಮ್ಮ ಹಿರಿಯರ ಕ್ರಮಕ್ಕೆ ನಾನು ಹೆಚ್ಚು ಬೆಲೆ ಕೊಡುತ್ತೇನೆ. ರಕ್ತದ ಸಕ್ಕರೆ ತೀರಾ ಇಳಿದಾಗ ಅದನ್ನು ಎತ್ತಲು ದೇಹ ಕರೆಯುವುದು ಅಡ್ರಿನಲಿನ್ ಮತ್ತು ಕಾರ್ಟಿಸಾಲನ್ನೇ. ಮಾರುಕಟ್ಟೆಗೆ ಬರುವ ಎಷ್ಟೋ ರೈತರು ಬೆಳಗಿನಿಂದ ಮಧ್ಯಾಹ್ನದವರೆಗೆ ಸಕ್ಕರೆ ತುಂಬಿದ ಟೀ ಮೇಲೆ ಟೀ ಕುಡಿದು, ನಡುವೆ ಒಂದೆರಡು ಬೋಂಡಾ ತಿಂದು ಹೊತ್ತು ಕಳೆಯುತ್ತಾರೆ. ಸಕ್ಕರೆ ಸರ್ರನೆ ಏರಿ ಸರ್ರನೆ ಇಳಿಯುತ್ತದೆ, ಆ ಇಳಿತದಲ್ಲಿ ಕೈ ನಡುಗುತ್ತದೆ, ಸಿಟ್ಟು ಬರುತ್ತದೆ, ಅದನ್ನು ಅವರು ವ್ಯಾಪಾರದ ಸಿಟ್ಟೆಂದು ತಿಳಿಯುತ್ತಾರೆ. ಮನೆ ಬಿಡುವ ಮುನ್ನ ಮುದ್ದೆಯ ಜೊತೆ ಹುರುಳಿಕಾಳಿನ ಬಸ್ಸಾರು, ಪಲ್ಯ ಉಂಡು ಬಂದವನಿಗೆ ಅದೇ ಹರಾಜು ಅಷ್ಟು ಕಠಿಣವಾಗುವುದಿಲ್ಲ. ಇಲ್ಲಿ ಒಂದು ಮಾತು ಸೇರಿಸಬೇಕು: ಮುದ್ದೆಯೊಂದೇ ಸಕ್ಕರೆಯನ್ನು ಹಿಡಿದು ನಿಲ್ಲಿಸುತ್ತದೆಂಬ ನಂಬಿಕೆ ಪೂರ್ತಿ ಸರಿಯಲ್ಲ. ನುಣ್ಣಗೆ ಬೀಸಿದ ಹಿಟ್ಟು ಬೆಂದ ಮೇಲೆ ಬೇಗನೆ ಜೀರ್ಣವಾಗುತ್ತದೆ, ಅದನ್ನು ನಿಧಾನಗೊಳಿಸುವುದು ಜೊತೆಗಿರುವ ಕಾಳು ಮತ್ತು ಸೊಪ್ಪು. ಅವರೆಕಾಯಿ ಕಾಲದಲ್ಲಿ ಈ ಜಿಲ್ಲೆಯವರಿಗೆ ಇದನ್ನು ಹೇಳಿಕೊಡಬೇಕಾಗಿಯೇ ಇಲ್ಲ.

ವ್ಯಾಯಾಮದಲ್ಲಿ ಪ್ರಮಾಣವೇ ಮುಖ್ಯ. 2008ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಅರ್ಧ ಗಂಟೆಯ ವ್ಯಾಯಾಮವನ್ನು ಮೂರು ಬಿರುಸಿನಲ್ಲಿ ಮಾಡಿಸಿ ನೋಡಿದರು. ದೇಹದ ಗರಿಷ್ಠ ಸಾಮರ್ಥ್ಯದ ಶೇ. 60 ಮತ್ತು ಶೇ. 80ರಷ್ಟು ಬಿರುಸಿನಲ್ಲಿ ಕಾರ್ಟಿಸಾಲ್ ಏರಿತು, ಶೇ. 40ರಷ್ಟರಲ್ಲಿ ಇಳಿಯಿತು. ಜೊತೆಗಾರರೊಂದಿಗೆ ಮಾತನಾಡುತ್ತಾ ಹೋಗಬಹುದಾದ ನಡಿಗೆ ಹೆಚ್ಚುಕಡಿಮೆ ಆ ಕೆಳಗಿನ ಮಟ್ಟದ್ದು. ಬಿರುಸಿನ ವ್ಯಾಯಾಮ ಕೆಟ್ಟದ್ದೆಂದು ಇದರ ಅರ್ಥವಲ್ಲ. ಬೆಳಗಿನ ಹೊತ್ತು ಅಂತರಗಂಗೆಯ ಮೆಟ್ಟಿಲುಗಳನ್ನು ಏದುಸಿರು ಬಿಡುತ್ತಾ ಹತ್ತುವವರಲ್ಲಿ ಏರುವ ಕಾರ್ಟಿಸಾಲ್ ಏರಬೇಕಾದ ಹೊತ್ತಿನಲ್ಲೇ ಏರುತ್ತದೆ, ಆಮೇಲೆ ಇಳಿದೂ ಹೋಗುತ್ತದೆ. ರಾತ್ರಿ ಒಂಬತ್ತರ ಮೇಲೆ ಜಿಮ್ಮಿನಲ್ಲಿ ಭಾರ ಎತ್ತಿ ನಿದ್ದೆ ಬರುವುದಿಲ್ಲವೆನ್ನುವವರು ಹೊತ್ತು ಬದಲಿಸಿಕೊಳ್ಳುವುದು ಒಳ್ಳೆಯದು. ಇನ್ನು ದಿನವಿಡೀ ಟೊಮೆಟೊ ಬಿಡಿಸಿ ಬಾಕ್ಸು ಹೊರುವ ಕೂಲಿಯವರಿಗೆ ಸಂಜೆ ವಾಕಿಂಗ್ ಮಾಡಿ ಎಂದು ಹೇಳುವುದು ತಪ್ಪು. ಅವರಿಗೆ ಬೇಕಾದದ್ದು ವಿಶ್ರಾಂತಿ, ನೆರಳು, ಕುಡಿಯುವ ನೀರು.

ಉಸಿರು ಮತ್ತು ಒಡನಾಟ

ಹಾರ್ಮೋನುಗಳಿಗೆ ನೇರವಾಗಿ ಆಜ್ಞೆ ಮಾಡಲು ನಮಗೆ ಸಾಧ್ಯವಿಲ್ಲ, ಎದೆಬಡಿತಕ್ಕೂ ಸಾಧ್ಯವಿಲ್ಲ. ಉಸಿರಿಗೆ ಮಾತ್ರ ಸಾಧ್ಯ, ಮತ್ತು ಉಸಿರಿನ ಬೆನ್ನಿಗೆ ಉಳಿದವು ಬರುತ್ತವೆ. ಉಸಿರು ಒಳಗೆಳೆಯುವಾಗ ಎದೆಬಡಿತ ಸ್ವಲ್ಪ ಹೆಚ್ಚುತ್ತದೆ, ಬಿಡುವಾಗ ವೇಗಸ್ ಎಂಬ ನರದ ಹಿಡಿತ ಬಲವಾಗಿ ಬಡಿತ ನಿಧಾನವಾಗುತ್ತದೆ. ಬೆರಳನ್ನು ಮಣಿಕಟ್ಟಿನ ನಾಡಿಯ ಮೇಲಿಟ್ಟು ನಿಧಾನವಾಗಿ ಉಸಿರಾಡಿದರೆ ಯಾರು ಬೇಕಾದರೂ ಇದನ್ನು ಗುರುತಿಸಬಹುದು. ನನ್ನ ತರಗತಿಯಲ್ಲಿ ಈ ಪ್ರಯೋಗ ಮಾಡಿಸಿದಾಗ ಮಕ್ಕಳ ಕಣ್ಣು ಅರಳುತ್ತದೆ. ನಾಲ್ಕು ಎಣಿಸುವಷ್ಟು ಹೊತ್ತು ಎಳೆದು ಆರು ಎಣಿಸುವಷ್ಟು ಹೊತ್ತು ಬಿಟ್ಟರೆ ನಿಮಿಷಕ್ಕೆ ಆರು ಉಸಿರಾಗುತ್ತದೆ. ಐದು ನಿಮಿಷ ಹೀಗೆ ಮಾಡಲು ಚಾಪೆಯೂ ಬೇಡ, ಗುರುವೂ ಬೇಡ, ಟೆಂಪೋದ ಸೀಟಿನಲ್ಲಿ ಕುಳಿತೂ ಮಾಡಬಹುದು. ಯೋಗದ ಬಗ್ಗೆ ಬೆಂಗಳೂರಿನ ನಿಮ್ಹಾನ್ಸ್‌ನ ವೈದ್ಯರು 2013ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಖಿನ್ನತೆಯಿಂದ ಬಳಲುತ್ತಿದ್ದ ಹೊರರೋಗಿಗಳಲ್ಲಿ ಯೋಗಾಭ್ಯಾಸದ ನಂತರ ಕಾರ್ಟಿಸಾಲ್ ಇಳಿದದ್ದು ಕಂಡಿತ್ತು. ಅದು ಸಣ್ಣ ಅಧ್ಯಯನ, ಅದನ್ನೇ ಹಿಡಿದು ಔಷಧ ಬಿಡಬಾರದು. ಆದರೂ ನಮ್ಮ ಕೈಯಳತೆಯಲ್ಲಿರುವ ಅಭ್ಯಾಸಕ್ಕೆ ನಮ್ಮವರೇ ಒದಗಿಸಿದ ಸಾಕ್ಷ್ಯವೆಂಬ ಕಾರಣಕ್ಕೆ ಅದು ನನಗೆ ಮುಖ್ಯವೆನಿಸುತ್ತದೆ.

ಯಾವ ಬಗೆಯ ಸಂದರ್ಭ ಕಾರ್ಟಿಸಾಲನ್ನು ಅತಿ ಹೆಚ್ಚು ಏರಿಸುತ್ತದೆ ಎಂಬುದನ್ನು ತಿಳಿಯಲು 2004ರಲ್ಲಿ ಇಬ್ಬರು ಸಂಶೋಧಕಿಯರು ಅದುವರೆಗಿನ 208 ಪ್ರಯೋಗಗಳನ್ನು ಒಟ್ಟಿಗಿಟ್ಟು ನೋಡಿದರು. ಎರಡು ಲಕ್ಷಣಗಳು ಎದ್ದು ಕಂಡವು: ಫಲಿತಾಂಶ ನಮ್ಮ ಕೈಯಲ್ಲಿಲ್ಲದಿರುವುದು, ಮತ್ತು ನಾಲ್ಕು ಜನರ ಮುಂದೆ ನಮ್ಮ ಯೋಗ್ಯತೆ ತೂಗಲ್ಪಡುವುದು. ಇದನ್ನು ಓದಿದಾಗ ನನಗೆ ಥಟ್ಟನೆ ಎಪಿಎಂಸಿಯ ಅಂಗಳ ನೆನಪಾಯಿತು. 2023ರ ಜುಲೈನಲ್ಲಿ 15 ಕೆ.ಜಿ. ಬಾಕ್ಸು ಇದೇ ಮಾರುಕಟ್ಟೆಯಲ್ಲಿ 2,000 ರೂಪಾಯಿ ದಾಟಿತ್ತು, ಸೆಪ್ಟೆಂಬರ್ ಹೊತ್ತಿಗೆ ಬೆಲೆ ನೆಲಕಚ್ಚಿತ್ತು. ತಿಂಗಳುಗಟ್ಟಲೆ ಮಾಡಿದ ಕೆಲಸಕ್ಕೆ ಎಲ್ಲರೆದುರು ಒಂದು ನಿಮಿಷದಲ್ಲಿ ಬೆಲೆ ಕಟ್ಟುತ್ತಾರೆ, ಬೆಳೆದವನು ಸುಮ್ಮನೆ ನಿಂತು ಕೇಳಬೇಕು. ಎರಡೂ ಲಕ್ಷಣಗಳು ಅಲ್ಲಿ ಒಂದಾಗುತ್ತವೆ. ಪಿಯು ಫಲಿತಾಂಶದ ದಿನ ಮಕ್ಕಳ ಪಾಡೂ ಇದೇ.

ಇದರ ಇನ್ನೊಂದು ಮಗ್ಗುಲನ್ನು ಸ್ವಿಟ್ಜರ್‌ಲೆಂಡಿನ ಜ್ಯೂರಿಕ್‌ನಲ್ಲಿ ನಡೆದು 2003ರಲ್ಲಿ ಪ್ರಕಟವಾದ ಪ್ರಯೋಗ ತೋರಿಸಿತು. ಅಪರಿಚಿತರ ಮುಂದೆ ಭಾಷಣ ಮಾಡಿ ಬಾಯಿಲೆಕ್ಕ ಹೇಳಬೇಕಾದ ಗಂಡಸರಲ್ಲಿ ಕೆಲವರಿಗೆ ಸಿದ್ಧತೆಯ ಹೊತ್ತಿನಲ್ಲಿ ಆಪ್ತ ಗೆಳೆಯನನ್ನು ಜೊತೆಗೆ ಇರಿಸಿದ್ದರು. ಅವರ ಕಾರ್ಟಿಸಾಲ್ ಒಂಟಿಯಾಗಿದ್ದವರಷ್ಟು ಏರಲಿಲ್ಲ. ಗೆಳೆಯನಿಂದ ಪರೀಕ್ಷೆಯೇನೂ ಸುಲಭವಾಗಿರಲಿಲ್ಲ, ಅವನು ಪಕ್ಕದಲ್ಲಿದ್ದ ಅಷ್ಟೆ. ಸಂಜೆ ಅರಳಿಕಟ್ಟೆಯ ಮೇಲೆ ಕುಳಿತು ಬೆಲೆ ಬಿದ್ದದ್ದನ್ನು ಒಬ್ಬರಿಗೊಬ್ಬರು ಹೇಳಿಕೊಳ್ಳುವುದನ್ನು ಕಾಡುಹರಟೆ ಎನ್ನುವವರು ಇದನ್ನು ಗಮನಿಸಬೇಕು. ಕಟ್ಟೆಗೆ ಬಂದು ಕೂರುವ ರೂಢಿ ಹೆಂಗಸರಿಗೆ ಇಲ್ಲದ ಊರುಗಳಲ್ಲಿ ಅವರ ಚಿಂತೆ ಮನೆಯೊಳಗೇ ಉಳಿಯುತ್ತದೆ. ಸ್ವಸಹಾಯ ಸಂಘದ ವಾರದ ಸಭೆ ಹಣದ ಲೆಕ್ಕದ ಆಚೆಗೂ ಅವರಿಗೆ ಬೇಕಾಗುವುದು ಇದಕ್ಕೇ.

ಬಿಳಿ ಮಾತ್ರೆಯ ಕಥೆ

ನಮ್ಮ ದೊಡ್ಡಮ್ಮನಿಗೆ ಮಂಡಿನೋವು. ಪಕ್ಕದ ಊರಿನಲ್ಲಿ ಒಬ್ಬರು ಕಾಗದದ ಪೊಟ್ಟಣದಲ್ಲಿ ಕಟ್ಟಿಕೊಡುತ್ತಿದ್ದ ಸಣ್ಣ ಬಿಳಿ ಮಾತ್ರೆಗಳನ್ನು ವರ್ಷದ ಮೇಲಾಯಿತು ನುಂಗುತ್ತಿದ್ದರು. ಮೊದಲ ವಾರವೇ ನೋವು ಮಾಯವಾಯಿತು, ಹಸಿವು ಹೆಚ್ಚಿತು, ಮೈಕೈ ತುಂಬಿಕೊಂಡಂತೆ ಕಂಡು ಮನೆಯವರೆಲ್ಲ ಸಂತೋಷಪಟ್ಟೆವು. ಆಮೇಲೆ ಮುಖ ಚಂದ್ರನಂತೆ ದುಂಡಗಾಯಿತು, ಕೈಕಾಲು ಸಣ್ಣಗಾಗಿ ಹೊಟ್ಟೆ ಮಾತ್ರ ಬೆಳೆಯಿತು, ಮುಟ್ಟಿದಲ್ಲೆಲ್ಲ ಚರ್ಮ ಕಂದುಗಟ್ಟಿತು, ಸಕ್ಕರೆ ಕಾಯಿಲೆ ಕಾಣಿಸಿಕೊಂಡಿತು. ಒಂದು ದಿನ ಮಾತ್ರೆ ಮುಗಿದು, ತರಲು ಯಾರೂ ಇಲ್ಲದೆ ನಾಲ್ಕೈದು ದಿನ ಕಳೆದಾಗ ವಾಂತಿಯಾಗಿ, ರಕ್ತದೊತ್ತಡ ಕುಸಿದು ಆಸ್ಪತ್ರೆ ಸೇರಿದರು.

ಆ ಮಾತ್ರೆ ಸ್ಟೀರಾಯ್ಡ್. ಪ್ರೆಡ್ನಿಸೊಲೋನ್, ಡೆಕ್ಸಾಮೆಥಾಸೋನ್, ಬೀಟಾಮೆಥಾಸೋನ್ ಎಂಬ ಹೆಸರಿನ ಇವು ಕಾರ್ಟಿಸಾಲ್‌ನಂತೆಯೇ, ಆದರೆ ಅದಕ್ಕಿಂತ ಹಲವು ಪಟ್ಟು ಬಲವಾಗಿ ಕೆಲಸ ಮಾಡುತ್ತವೆ. ಕಾರ್ಟಿಸಾಲ್ ಕುಲದ ಹಾರ್ಮೋನುಗಳ ಸಂಶೋಧನೆಗೂ ಸಂಧಿವಾತದಲ್ಲಿ ಅವುಗಳ ಬಳಕೆಗೂ ಕೆಂಡಾಲ್, ರೈಖ್‌ಸ್ಟೈನ್, ಹೆಂಚ್ ಎಂಬ ಮೂವರಿಗೆ 1950ರಲ್ಲಿ ನೊಬೆಲ್ ಬಂತು, ಅಸ್ತಮಾದಿಂದ ಹಿಡಿದು ಎಷ್ಟೋ ಕಾಯಿಲೆಗಳಲ್ಲಿ ಇವು ಜೀವ ಉಳಿಸುತ್ತವೆ. ಆದರೆ ಹೊರಗಿನಿಂದ ದಿನವೂ ಬರುತ್ತಿದ್ದರೆ ತೊಟ್ಟಿಯ ತೇಲುಗುಂಡು ಸದಾ ಮೇಲೇ ನಿಂತು, ಪಿಟ್ಯುಟರಿ ಸುಮ್ಮನಾಗಿ, ಅಡ್ರಿನಲ್ ಗ್ರಂಥಿ ಕೆಲಸ ಮರೆಯುತ್ತದೆ. ಮೂರು ನಾಲ್ಕು ವಾರಗಳಿಗಿಂತ ಹೆಚ್ಚು ಕಾಲ ತೆಗೆದುಕೊಂಡವರು ಥಟ್ಟನೆ ನಿಲ್ಲಿಸಿದರೆ ದೇಹದಲ್ಲಿ ಕಾರ್ಟಿಸಾಲೇ ಇಲ್ಲದಂತಾಗುತ್ತದೆ. ದೊಡ್ಡಮ್ಮನಿಗೆ ಆದದ್ದು ಅದೇ. ವೈದ್ಯರು ತಿಂಗಳುಗಟ್ಟಲೆ ಪ್ರಮಾಣ ಇಳಿಸುತ್ತಾ ಬಂದು ಬಿಡಿಸಿದರು. ಹೆಸರಿಲ್ಲದ ಪೊಟ್ಟಣದ ಮಾತ್ರೆ, ಪುಡಿ, ನೋವಿಗೆ ಹಾಕುವ ಇಂಜೆಕ್ಷನ್ನು ಏನೆಂದು ಕೇಳದೆ ತೆಗೆದುಕೊಳ್ಳಬೇಡಿ. ಈಗಾಗಲೇ ತೆಗೆದುಕೊಳ್ಳುತ್ತಿದ್ದರೆ ಇದನ್ನು ಓದಿ ಇವತ್ತೇ ನಿಲ್ಲಿಸಲೂ ಬೇಡಿ, ಪೊಟ್ಟಣವನ್ನು ಹಿಡಿದು ವೈದ್ಯರ ಬಳಿ ಹೋಗಿ.

ಅಡ್ರಿನಲ್ ಗ್ರಂಥಿ ದಣಿದಿದೆ ಎಂದು ಹೇಳಿ ಪರೀಕ್ಷೆಯ ಪ್ಯಾಕೇಜನ್ನೂ ಪುಡಿಯನ್ನೂ ಮಾರುವವರ ಮಾತಿಗೂ ಇದೇ ಎಚ್ಚರ ಬೇಕು. ಗ್ರಂಥಿ ದಣಿಯುವುದೆಂಬ ಕಾಯಿಲೆಯನ್ನು ಹಾರ್ಮೋನು ತಜ್ಞರು ಒಪ್ಪುವುದಿಲ್ಲ. ಯಾವುದೋ ಹೊತ್ತಿನಲ್ಲಿ ಒಮ್ಮೆ ತೆಗೆದ ರಕ್ತದ ಕಾರ್ಟಿಸಾಲ್‌ನಿಂದ ಒತ್ತಡ ಅಳೆಯಲು ಆಗುವುದಿಲ್ಲ, ಸೂಜಿಯ ಭಯಕ್ಕೇ ಅದು ಏರುತ್ತದೆ. ಕಾರ್ಟಿಸಾಲ್ ನಿಜಕ್ಕೂ ವಿಪರೀತವಾಗಿದೆ ಎಂಬ ಅನುಮಾನವಿದ್ದಾಗ ವೈದ್ಯರು ನಡುರಾತ್ರಿಯ ಜೊಲ್ಲು, 24 ಗಂಟೆಯ ಮೂತ್ರ, ಅಥವಾ ಡೆಕ್ಸಾಮೆಥಾಸೋನ್ ಮಾತ್ರೆ ಕೊಟ್ಟು ಮರುದಿನ ಬೆಳಗಿನ ರಕ್ತ ನೋಡುತ್ತಾರೆ. ಅಶ್ವಗಂಧದ ವಿಷಯದಲ್ಲಿ ಕೆಲವು ಸಣ್ಣ ಪ್ರಯೋಗಗಳು ಕಾರ್ಟಿಸಾಲ್ ಇಳಿದದ್ದನ್ನು ತೋರಿಸಿವೆ, ಆದರೆ ಅಪರೂಪಕ್ಕೆ ಯಕೃತ್ತಿಗೆ ಪೆಟ್ಟಾದ ವರದಿಗಳೂ ಇವೆ. ಥೈರಾಯ್ಡ್ ಮಾತ್ರೆ ನುಂಗುವವರೂ ಗರ್ಭಿಣಿಯರೂ ಅದನ್ನು ತಾವಾಗಿ ತೆಗೆದುಕೊಳ್ಳಬಾರದು.

ಎರಡು ವಾರ ಕಳೆದರೂ ನಿದ್ದೆ ಹತ್ತದೆ, ಊಟ ಸೇರದೆ, ಯಾವುದರಲ್ಲೂ ಮನಸ್ಸು ನಿಲ್ಲದಿದ್ದರೆ, ಬದುಕು ಸಾಕೆಂಬ ಯೋಚನೆ ಒಮ್ಮೆ ಸುಳಿದರೂ, ಅದು ಅಭ್ಯಾಸಗಳಿಂದ ಸರಿಯಾಗುವ ಹಂತ ದಾಟಿದೆ. 2022ರ ಅಕ್ಟೋಬರಿನಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಿ ಕರೆ ಮಾಡಿದರೂ ಕನ್ನಡದಲ್ಲಿ ಮಾತನಾಡುವವರು ಸಿಗುತ್ತಾರೆ, ದುಡ್ಡು ಕೊಡಬೇಕಾಗಿಲ್ಲ.

ತಮ್ಮ ಈಗ ಪಕ್ಕದ ತೋಟದವರೊಂದಿಗೆ ರಾತ್ರಿ ಪಾಳಿ ಹಂಚಿಕೊಂಡಿದ್ದಾನೆ. ತನ್ನ ಸರದಿ ಇಲ್ಲದ ರಾತ್ರಿ ಫೋನನ್ನು ಅಡುಗೆಮನೆಯ ಗೂಡಿನಲ್ಲಿಟ್ಟು ಮಲಗುತ್ತಾನೆ. ಹೋದ ತಿಂಗಳು ಮತ್ತೆ ಅವನ ಜೊತೆ ಮಂಡಿಗೆ ಹೋಗಿದ್ದೆ. ಹರಾಜಿನವರು ನಮ್ಮ ಸಾಲಿಗೆ ಬಂದಾಗ ಅವನ ತುಟಿ ಮೊದಲಿನಂತೆಯೇ ಒಣಗಿತು, ಬೆಲೆಯೂ ಅಂಥದ್ದೇನೂ ಸಿಗಲಿಲ್ಲ. ಅರ್ಧ ಗಂಟೆ ಕಳೆದ ಮೇಲೆ, ಅಣ್ಣ ಹಸಿವಾಗ್ತಿದೆ ನಡಿ, ಎಂದ.